ಕೋಟ್ಯಂತರ ಕಿಲೋಮೀಟರ್ ಆಚೆಯ ನೌಕೆ ಎಲ್ಲಿದೆ ಎಂದು ತಿಳಿಯುವುದು ಹೇಗೆ? ಗ್ರಹ ಮತ್ತು ಕ್ಷುದ್ರಗ್ರಹ ಯಾನಗಳ ಪಥನಿರ್ಣಯ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳಕ್ಕೋ ಕ್ಷುದ್ರಗ್ರಹಕ್ಕೋ ನೌಕೆ ಹೊರಟಾಗ ರಾಕೆಟ್ಟಿನ ಬೆಂಕಿಯನ್ನು ಎಲ್ಲರೂ ನೋಡುತ್ತಾರೆ, ತಲುಪಿದ ಮೇಲೆ ಬಂದ ಚಿತ್ರಗಳನ್ನೂ ನೋಡುತ್ತಾರೆ. ನಡುವಿನ ತಿಂಗಳುಗಳಲ್ಲಿ ಅದನ್ನು ದಾರಿ ತಪ್ಪದಂತೆ ಕಾದ ಲೆಕ್ಕ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಆ ಲೆಕ್ಕದ ಬಗ್ಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಕೆಲವಕ್ಕೆ ಉತ್ತರ ಉದ್ದವಾಗಿದೆ, ಕೆಲವಕ್ಕೆ ನಾಲ್ಕೇ ಸಾಲು ಸಾಕಾಗಿದೆ.

ನೌಕೆಯಲ್ಲೇ ಒಂದು ಜಿಪಿಎಸ್ ಇಟ್ಟರೆ ಸಾಲದೇ?

ಸಾಲದು. ಜಿಪಿಎಸ್ ಉಪಗ್ರಹಗಳು ನೆಲದಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತ ಆಂಟೆನಾಗಳನ್ನು ಭೂಮಿಯ ಕಡೆಗೇ ತಿರುಗಿಸಿಕೊಂಡಿರುತ್ತವೆ. ಅವುಗಳಿಂದಾಚೆ ಹೋದ ನೌಕೆಗೆ ಸಿಗುವುದು ಭೂಮಿಯ ಅಂಚನ್ನು ದಾಟಿ ಚೆಲ್ಲಿದ ಅಲ್ಪಸ್ವಲ್ಪ ಸಂಕೇತ ಮಾತ್ರ. 2025ರ ಮಾರ್ಚ್‌ನಲ್ಲಿ ಚಂದ್ರನ ನೆಲದ ಮೇಲಿಟ್ಟ ಉಪಕರಣವೊಂದು ಜಿಪಿಎಸ್ ಮತ್ತು ಯುರೋಪಿನ ಅಂಥದೇ ಜಾಲವಾದ ಗೆಲಿಲಿಯೊ ಉಪಗ್ರಹಗಳ ಸಂಕೇತವನ್ನು ಹಿಡಿದು ತೋರಿಸಿತು. ದೊಡ್ಡ ಸಾಧನೆಯೇ ಅದು. ಆದರೆ ಮಂಗಳ ಹತ್ತಿರ ಬಂದಾಗಲೂ ಚಂದ್ರನಿಗಿಂತ ನೂರು ಪಟ್ಟಿಗೂ ಹೆಚ್ಚು ದೂರ. ಅಲ್ಲಿ ಆಸರೆಗೆ ಇರುವುದು ಮೂರೇ: ಭೂಮಿಯಿಂದ ಬರುವ ರೇಡಿಯೊ ಅಲೆ, ಹಿನ್ನೆಲೆಯ ನಕ್ಷತ್ರಗಳು, ಮುಂದೆಲ್ಲೋ ಚುಕ್ಕೆಯಾಗಿ ಕಾಣುವ ಗುರಿ.

ಹಾಗಾದರೆ ಏನನ್ನು ಅಳೆಯುತ್ತಾರೆ?

ನೆಲದ ಆಂಟೆನಾ ಒಂದು ರೇಡಿಯೊ ಅಲೆಯನ್ನು ಕಳಿಸುತ್ತದೆ. ನೌಕೆಯ ಟ್ರಾನ್ಸ್‌ಪಾಂಡರ್ ಅದನ್ನು ಹಿಡಿದು, ಆವರ್ತನವನ್ನು ಮೊದಲೇ ಗೊತ್ತಿರುವ ಅನುಪಾತದಲ್ಲಿ ಬದಲಿಸಿ ಹಿಂದಕ್ಕೆ ಕಳಿಸುತ್ತದೆ. ನೌಕೆಯ ಸ್ವಂತ ಗಡಿಯಾರ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಹೋದದ್ದನ್ನೂ ಬಂದದ್ದನ್ನೂ ಅಳೆಯುವುದು ನೆಲದ ಮೇಲಿನ ಪರಮಾಣು ಗಡಿಯಾರ.

ಹಿಂದಿರುಗಿದ ಅಲೆಯ ಆವರ್ತನ ಎಷ್ಟು ಜರುಗಿದೆ ಎಂಬುದು ಡಾಪ್ಲರ್ ಅಳತೆ. ನೌಕೆ ನಮ್ಮಿಂದ ಎಷ್ಟು ವೇಗದಲ್ಲಿ ದೂರ ಸರಿಯುತ್ತಿದೆ, ಅಥವಾ ಹತ್ತಿರ ಬರುತ್ತಿದೆ, ಎಂದು ಇದು ಹೇಳುತ್ತದೆ. ಎಕ್ಸ್-ಬ್ಯಾಂಡ್‌ನಲ್ಲಿ, ಅಂದರೆ ಸುಮಾರು 8.4 ಗಿಗಾಹರ್ಟ್ಸ್‌ನಲ್ಲಿ, ಒಂದು ನಿಮಿಷ ಎಣಿಸಿದರೆ ವೇಗ ಸೆಕೆಂಡಿಗೆ 0.1 ಮಿ.ಮೀ. ಮಟ್ಟದವರೆಗೆ ಸಿಗುತ್ತದೆ. ಗಂಟೆಗೆ 36 ಸೆಂ.ಮೀ. ಎಂದಾಯಿತು, ಬಸವನಹುಳು ಇದಕ್ಕಿಂತ ಬೇಗ ತೆವಳುತ್ತದೆ. ಸೆಕೆಂಡಿಗೆ 840 ಕೋಟಿ ಸಲ ಕಂಪಿಸುವ ಅಲೆಯಲ್ಲಿ ಒಂದೇ ಒಂದು ಕಂಪನದ ನೂರೈವತ್ತನೆಯ ಭಾಗಕ್ಕಿಂತಲೂ ಕಡಿಮೆ ವ್ಯತ್ಯಾಸವನ್ನು ಗುರುತಿಸಬೇಕು. ಇದಕ್ಕಿಂತ ನಯವಾದ ಅಳತೆ ಎಂಜಿನಿಯರಿಂಗ್‌ನಲ್ಲಿ ಹೆಚ್ಚಿಲ್ಲ.

ಅಲೆ ಹೋಗಿಬರಲು ಹಿಡಿದ ಸಮಯದಿಂದ ದೂರ ಸಿಗುತ್ತದೆ. ಕೋಟ್ಯಂತರ ಕಿಲೋಮೀಟರ್‌ಗಳಲ್ಲಿ ಕೆಲವೇ ಮೀಟರ್ ಹೆಚ್ಚುಕಡಿಮೆ.

ಮೂರನೆಯದು ಡೆಲ್ಟಾ-ಡಿಒಆರ್. ಬೇರೆ ಬೇರೆ ಖಂಡಗಳ ಎರಡು ಆಂಟೆನಾಗಳು ಒಂದೇ ಹೊತ್ತಿನಲ್ಲಿ ನೌಕೆಯ ಸಂಕೇತವನ್ನು ಕೇಳುತ್ತವೆ. ಒಂದಕ್ಕೆ ಮೊದಲು, ಇನ್ನೊಂದಕ್ಕೆ ಕ್ಷಣದ ಅಂಶದಷ್ಟು ತಡವಾಗಿ ತಲುಪುತ್ತದೆ. ಆ ತಡದಿಂದ ದಿಕ್ಕು ತಿಳಿಯುತ್ತದೆ. ನಡುನಡುವೆ ಎರಡೂ ಆಂಟೆನಾಗಳು ಪಕ್ಕದ ಒಂದು ಕ್ವೇಸಾರ್ (ಸ್ಥಾನ ನಿಖರವಾಗಿ ಗೊತ್ತಿರುವ, ಬಹುದೂರದ ರೇಡಿಯೊ ಮೂಲ) ಕಡೆ ತಿರುಗಿ, ಅದರ ಸಂಕೇತವನ್ನೂ ಹಾಗೆಯೇ ಅಳೆದು ಕಳೆದುಬಿಡುತ್ತವೆ. ಗಡಿಯಾರದ, ಗಾಳಿಯ ತಪ್ಪುಗಳಲ್ಲಿ ಬಹುಪಾಲು ಅಲ್ಲಿಗೇ ಹೋಯಿತು. ಭೂಮಿ–ಸೂರ್ಯರಷ್ಟು ದೂರದಲ್ಲಿ ನೌಕೆಯ ಅಡ್ಡ ಸ್ಥಾನ ಕೆಲವು ನೂರು ಮೀಟರ್‌ಗಳೊಳಗೆ ಸಿಗುತ್ತದೆ.

ಆಂಟೆನಾಗಳು ಲೋಕದ ಸುತ್ತ ಹಂಚಿಕೊಂಡಿರುವುದು ಇದಕ್ಕಾಗಿಯೂ ಹೌದು, ಭೂಮಿ ತಿರುಗುವಾಗ ನೌಕೆ ಯಾವಾಗಲೂ ಯಾರಿಗಾದರೂ ಕಾಣಲಿ ಎಂದೂ ಹೌದು. ನಾಸಾದ ಜಾಲ ಗೋಲ್ಡ್‌ಸ್ಟೋನ್, ಮ್ಯಾಡ್ರಿಡ್, ಕ್ಯಾನ್‌ಬೆರಾಗಳಲ್ಲಿದೆ. ಯುರೋಪಿನ 35 ಮೀಟರ್ ಆಂಟೆನಾಗಳು ನ್ಯೂ ನಾರ್ಸಿಯಾ, ಸೆಬ್ರೆರೋಸ್, ಮಲಾರ್ಗ್ವೆಗಳಲ್ಲಿವೆ. ಇಸ್ರೋದ 32 ಮೀಟರ್ ಆಂಟೆನಾ ಬ್ಯಾಲಾಳುವಿನಲ್ಲಿದೆ.

ಒಂದೇ ಆಂಟೆನಾದ ಡಾಪ್ಲರ್ ನೋಡಿ ನೌಕೆಯ ದಿಕ್ಕನ್ನೂ ಹೇಳುತ್ತಾರಂತೆ. ಅದು ಹೇಗೆ ಸಾಧ್ಯ?

ಭೂಮಿ ತಿರುಗುವುದರಿಂದ ಸಾಧ್ಯ. ಸಮಭಾಜಕದ ಮೇಲಿನ ಆಂಟೆನಾ ಸೆಕೆಂಡಿಗೆ ಸುಮಾರು 465 ಮೀಟರ್ ವೇಗದಲ್ಲಿ ಪೂರ್ವಕ್ಕೆ ಸಾಗುತ್ತಿರುತ್ತದೆ. ನೌಕೆ ಮೂಡುವಾಗ ಆಂಟೆನಾ ಅದರತ್ತ ಓಡುತ್ತದೆ, ಮುಳುಗುವಾಗ ಅದರಿಂದ ದೂರ ಓಡುತ್ತದೆ. ಹಾಗಾಗಿ ಡಾಪ್ಲರ್ ಗೆರೆಯ ಮೇಲೆ ದಿನಕ್ಕೊಂದು ಅಲೆ ಮೂಡುತ್ತದೆ. ಆ ಅಲೆ ಸೊನ್ನೆಯನ್ನು ಯಾವ ಗಳಿಗೆಯಲ್ಲಿ ದಾಟಿತು ಎಂಬುದರಿಂದ ನೌಕೆಯ ಪೂರ್ವ–ಪಶ್ಚಿಮ ಸ್ಥಾನ ಗೊತ್ತಾಗುತ್ತದೆ, ಅಲೆ ಎಷ್ಟು ಎತ್ತರ ಎಂಬುದರಿಂದ ಉತ್ತರ–ದಕ್ಷಿಣ ಸ್ಥಾನ. ಭೂಮಿಯ ತಿರುಗಾಟವನ್ನೇ ಅಳತೆಗೋಲು ಮಾಡಿಕೊಂಡ ಈ ಉಪಾಯ ಈ ಶಾಸ್ತ್ರದಲ್ಲಿ ನನಗೆ ಅತಿ ಇಷ್ಟವಾದದ್ದು.

ಒಂದು ತೊಡಕಿದೆ. ಅಲೆಯ ಎತ್ತರ ನೌಕೆಯ ಘಂಟಾವೃತ್ತಾಂಶದ, ಅಂದರೆ ಖಗೋಳ ಸಮಭಾಜಕದಿಂದ ಅದು ಎಷ್ಟು ಡಿಗ್ರಿ ಮೇಲೆ ಅಥವಾ ಕೆಳಗಿದೆ ಎಂಬುದರ, ಕೊಸೈನ್ ಮೇಲೆ ನಿಂತಿದೆ. ನೌಕೆ 20 ಡಿಗ್ರಿಯಿಂದ 21ಕ್ಕೆ ಸರಿದರೆ ಅಲೆಯ ಎತ್ತರದಲ್ಲಿ ಸಾವಿರಕ್ಕೆ ಆರು ಭಾಗದಷ್ಟು ವ್ಯತ್ಯಾಸ. ಸೊನ್ನೆಯಿಂದ 1 ಡಿಗ್ರಿಗೆ ಸರಿದರೆ ಹತ್ತು ಸಾವಿರಕ್ಕೆ ಒಂದೂವರೆ ಭಾಗ ಮಾತ್ರ. ಅಂದರೆ ನೌಕೆ ಸಮಭಾಜಕದ ಹತ್ತಿರ ಬಂದಾಗ ಡಾಪ್ಲರ್ ಉತ್ತರ–ದಕ್ಷಿಣಕ್ಕೆ ಹೆಚ್ಚುಕಡಿಮೆ ಕುರುಡು. ಅಂಥ ಹೊತ್ತಿನಲ್ಲಿ ಕೈಹಿಡಿಯುವುದು ಡೆಲ್ಟಾ-ಡಿಒಆರ್.

ಕಕ್ಷಾನಿರ್ಣಯ ಎಂದರೆ ಈ ಅಳತೆಗಳನ್ನು ಸೂತ್ರಕ್ಕೆ ಹಾಕುವುದೇ?

ಅಳತೆ ಹಾಕಿ ಸ್ಥಾನ ತೆಗೆಯುವ ಸೂತ್ರವೇ ಇಲ್ಲ. ಕೆಲಸ ನಡೆಯುವುದು ತಿರುವುಮುರುವಾಗಿ. ಮೊದಲು ನೌಕೆ ಇಲ್ಲಿದೆ, ಈ ವೇಗದಲ್ಲಿದೆ ಎಂದು ಒಂದು ಅಂದಾಜು. ಅದರ ಮೇಲೆ ಕೆಲಸ ಮಾಡುವ ಎಲ್ಲ ಬಲಗಳನ್ನು ಸೇರಿಸಿ ಮುಂದಿನ ಪಥವನ್ನು ಲೆಕ್ಕ ಹಾಕುತ್ತಾರೆ. ಹಾಗಿದ್ದರೆ ಈ ಆಂಟೆನಾಕ್ಕೆ ಈ ಸೆಕೆಂಡಿನಲ್ಲಿ ಯಾವ ಆವರ್ತನ ಕೇಳಿಸಬೇಕಿತ್ತು ಎಂದು ಕಂಡುಕೊಳ್ಳುತ್ತಾರೆ. ನಿಜವಾಗಿ ಕೇಳಿಸಿದ್ದರಿಂದ ಅದನ್ನು ಕಳೆಯುತ್ತಾರೆ. ಉಳಿದದ್ದೇ ರೆಸಿಡ್ಯುಯಲ್, ಇಲ್ಲಿ ಶೇಷ ಎಂದೇ ಕರೆಯುತ್ತೇನೆ. ಎಲ್ಲ ಶೇಷಗಳ ವರ್ಗಗಳ ಮೊತ್ತ ಅತಿ ಕಡಿಮೆಯಾಗುವವರೆಗೆ ಮೊದಲ ಅಂದಾಜನ್ನು ತಿದ್ದುತ್ತ ಹೋಗುತ್ತಾರೆ.

ಇದರ ಬೇರು ಹಳೆಯದು. 1801ರ ಜನವರಿ 1ರಂದು ಖಗೋಳಜ್ಞ ಪಿಯಾಟ್ಸಿ ಇಟಲಿಯ ಪಾಲೆರ್ಮೋದಲ್ಲಿ ಮೊದಲ ಕ್ಷುದ್ರಗ್ರಹ ಸಿರಿಸ್ ಅನ್ನು ಕಂಡುಹಿಡಿದ. ಫೆಬ್ರವರಿ 11ರವರೆಗೆ ನೋಡಿದ ಮೇಲೆ ಅದು ಸೂರ್ಯನ ಬೆಳಕಿನಲ್ಲಿ ಕಳೆದುಹೋಯಿತು. 24 ವರ್ಷದ ಗಣಿತಜ್ಞ ಗೌಸ್ ಆ ಕೆಲವೇ ವಾರಗಳ ಅಳತೆಯಿಂದ ಕಕ್ಷೆ ಲೆಕ್ಕಹಾಕಿ ಎಲ್ಲಿ ಹುಡುಕಬೇಕೆಂದು ಹೇಳಿದ. ವರ್ಷ ಮುಗಿಯುವ ಹೊತ್ತಿಗೆ ಅದು ಅಲ್ಲೇ ಸಿಕ್ಕಿತು. ಕನಿಷ್ಠ ವರ್ಗಗಳ ವಿಧಾನ, ಅಳತೆ ಬಂದಂತೆಲ್ಲ ಅಂದಾಜನ್ನು ತಿದ್ದುವ, 1960ರಲ್ಲಿ ಬಂದ ಕಾಲ್ಮನ್ ಫಿಲ್ಟರ್, ಇವೆರಡರ ಸಂತತಿಯೇ ಇಂದಿನ ತಂತ್ರಾಂಶ.

ಶೇಷದ ನಕ್ಷೆಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಅಡ್ಡಕ್ಕೆ ಸಮಯ, ಲಂಬಕ್ಕೆ ಶೇಷ. ಎಲ್ಲ ಸರಿಯಿದ್ದರೆ ಸೊನ್ನೆಯ ಗೆರೆಯ ಮೇಲೂ ಕೆಳಗೂ ಸಾಸಿವೆ ಚೆಲ್ಲಿದಂತೆ ಚುಕ್ಕೆಗಳಿರುತ್ತವೆ, ಯಾವ ಆಕಾರವೂ ಇರುವುದಿಲ್ಲ. ಆಕಾರ ಇಲ್ಲದಿರುವುದೇ ನೆಮ್ಮದಿ. ಚುಕ್ಕೆಗಳು ನಿಧಾನವಾಗಿ ಒಂದೇ ಕಡೆಗೆ ಜಾರತೊಡಗಿದರೆ ಲೆಕ್ಕಕ್ಕೆ ಸೇರದ ಯಾವುದೋ ಬಲ ನೌಕೆಯನ್ನು ತಳ್ಳುತ್ತಿದೆ. ಮೆಟ್ಟಿಲಿನಂತೆ ಒಮ್ಮೆಲೇ ಜಿಗಿದರೆ ಥ್ರಸ್ಟರ್ ಉರಿದಿದೆ. ದಿನಕ್ಕೊಮ್ಮೆ ಏರಿ ಇಳಿದರೆ ನೌಕೆಯ ದಿಕ್ಕೋ ಆಂಟೆನಾದ ಸ್ಥಾನವೋ ತಪ್ಪಾಗಿದೆ. ಆಂಟೆನಾ ದಿಗಂತದ ಕಡೆ ವಾಲಿದಾಗ ಮಾತ್ರ ಚುಕ್ಕೆಗಳ ಸಾಲು ಬಾಗಿದರೆ ಅದು ಗಾಳಿಯ ಕೆಲಸ.

ಕೊನೆಗೆ ಬರುವ ಉತ್ತರವೂ ಒಂದು ಬಿಂದುವಲ್ಲ. ನೌಕೆ ಇಲ್ಲಿದೆ, ಈ ದಿಕ್ಕಿನಲ್ಲಿ ಇಷ್ಟು, ಆ ದಿಕ್ಕಿನಲ್ಲಿ ಅಷ್ಟು ಹೆಚ್ಚುಕಡಿಮೆ ಎಂಬ ಒಂದು ದೀರ್ಘವೃತ್ತ. ಆ ಹೆಚ್ಚುಕಡಿಮೆಯ ಗಾತ್ರವನ್ನು ಪ್ರಾಮಾಣಿಕವಾಗಿ ಹೇಳುವುದು ಸ್ಥಾನ ಹೇಳುವುದಕ್ಕಿಂತ ಕಷ್ಟ. ಶೇಷ ಸಪಾಟಾಗುವವರೆಗೆ ಹೊಸ ಹೊಸ ಅಜ್ಞಾತಗಳನ್ನು ಸೇರಿಸುತ್ತ ಹೋಗಬಹುದು, ನಕ್ಷೆ ಚೆನ್ನಾಗಿ ಕಾಣುತ್ತದೆ, ಆದರೆ ನೌಕೆ ಬೇರೆಲ್ಲೋ ಇರುತ್ತದೆ. ಈ ಕೆಲಸದಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ ಎಂದು ನಾನು ನಂಬಿದ್ದೇನೆ.

ಖಾಲಿ ಬಾಹ್ಯಾಕಾಶದಲ್ಲಿ ಗುರುತ್ವ ಬಿಟ್ಟು ಇನ್ಯಾವ ಬಲ ಇರಲು ಸಾಧ್ಯ?

ಬಿಸಿಲು. ಲೆಕ್ಕ ಕಷ್ಟದ್ದಲ್ಲ, ನೀವೇ ಮಾಡಬಹುದು. ಭೂಮಿಯ ದೂರದಲ್ಲಿ ಬಿಸಿಲಿನ ಒತ್ತಡ ಪ್ರತಿ ಚದರ ಮೀಟರ್‌ಗೆ ಸುಮಾರು 4.5 ಮೈಕ್ರೊನ್ಯೂಟನ್. ನೌಕೆಯ ತೂಕ 1000 ಕೆ.ಜಿ., ಸೌರಫಲಕಗಳೂ ಸೇರಿ ಬಿಸಿಲಿಗೆ ಒಡ್ಡಿದ ಮೈ 20 ಚದರ ಮೀಟರ್ ಎಂದಿಟ್ಟುಕೊಳ್ಳಿ. ವೇಗೋತ್ಕರ್ಷ ಭೂಮಿಯ ನೆಲದ ಮೇಲಿನ ಗುರುತ್ವದ ಹತ್ತು ಕೋಟಿಯಲ್ಲೊಂದು ಭಾಗಕ್ಕೆ ಹತ್ತಿರ. ಏನೂ ಅಲ್ಲ ಎನಿಸುತ್ತದೆ. ಒಂದು ತಿಂಗಳು ಬಿಡಿ: ನೌಕೆ 300 ಕಿ.ಮೀ. ಪಕ್ಕಕ್ಕೆ ಸರಿದಿರುತ್ತದೆ. ಕಾಗದದ ಮೇಲೆ ಮೊದಲ ಸಲ ಇದನ್ನು ಮಾಡಿದಾಗ ಎಲ್ಲೋ ಸೊನ್ನೆ ಹೆಚ್ಚಾಯಿತೆಂದು ಮತ್ತೊಮ್ಮೆ ಮಾಡಿ ನೋಡಿದ್ದೆ. ಉತ್ತರ ಬದಲಾಗಲಿಲ್ಲ.

ಫಲಕ ಎಷ್ಟು ಬೆಳಕನ್ನು ಹೀರುತ್ತದೆ, ಎಷ್ಟನ್ನು ಹಿಂದಕ್ಕೆ ಎಸೆಯುತ್ತದೆ, ಯಾವ ಕೋನದಲ್ಲಿದೆ ಎಂಬುದೆಲ್ಲ ಲೆಕ್ಕಕ್ಕೆ ಬೇಕು. ನೌಕೆಯಿಂದ ಹೊರಬೀಳುವ ಶಾಖವೂ ತಳ್ಳುತ್ತದೆ. 1972 ಮತ್ತು 1973ರಲ್ಲಿ ಹೊರಟ ಪಯೊನೀರ್ 10, 11 ನೌಕೆಗಳ ಡಾಪ್ಲರ್‌ನಲ್ಲಿ ಸೂರ್ಯನ ಕಡೆಗೆ ಒಂದು ಪುಟ್ಟ ಸೆಳೆತ ಉಳಿದುಬಿಟ್ಟಿತ್ತು. ಪ್ರತಿ ಸೆಕೆಂಡಿಗೆ ವೇಗ ಬದಲಾಗುತ್ತಿದ್ದದ್ದು ಸೆಕೆಂಡಿಗೆ 0.87 ನ್ಯಾನೊಮೀಟರ್. ಗುರುತ್ವದ ನಿಯಮವನ್ನೇ ತಿದ್ದಬೇಕೇನೋ ಎಂಬಷ್ಟು ಚರ್ಚೆ ನಡೆಯಿತು. ಹಳೆಯ ಟೇಪುಗಳಿಂದ ದತ್ತಾಂಶವನ್ನು ಎತ್ತಿ, ನೌಕೆಯ ಒಂದೊಂದು ಭಾಗದ ಶಾಖವನ್ನೂ ಮಾದರಿಗೊಳಿಸಿದ ಮೇಲೆ, 2012ರಲ್ಲಿ ಉತ್ತರ ಸಿಕ್ಕಿತು: ಪರಮಾಣು ಬ್ಯಾಟರಿ ಮತ್ತು ವಿದ್ಯುನ್ಮಾನ ಪೆಟ್ಟಿಗೆಗಳ ಶಾಖ ಒಂದು ಕಡೆಗೆ ತುಸು ಹೆಚ್ಚು ಹೊಮ್ಮುತ್ತಿತ್ತು. ಅಷ್ಟು ಸಣ್ಣ ಶೇಷವನ್ನು ಹೋಗಲಿ ಬಿಡಿ ಎನ್ನದೆ ದಶಕಗಳ ಕಾಲ ಹಿಡಿದು ಕೂತವರ ಬಗ್ಗೆ ನನಗೆ ಅಪಾರ ಗೌರವ.

ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನಾಶವಾದದ್ದು ಕೇವಲ ಅಳತೆಮಾನದ ಗೊಂದಲದಿಂದಲೇ?

ಗೊಂದಲ ಆದದ್ದು ನಿಜ, ಆದರೆ "ಕೇವಲ" ಎನ್ನುವಂತಿಲ್ಲ. ಮಂಗಳಕ್ಕೆ ಹೊರಟಿದ್ದ ಈ ನಾಸಾ ನೌಕೆಯ ಒಂದೇ ಬದಿಗೆ ಸೌರಫಲಕವಿದ್ದುದರಿಂದ ಬಿಸಿಲು ಅದನ್ನು ತಿರುಗಿಸುತ್ತಿತ್ತು. ಒಳಗಿನ ಚಕ್ರಗಳು ಆ ತಿರುಗುವಿಕೆಯನ್ನು ತಡೆದು ತಡೆದು ವೇಗ ತುಂಬಿಕೊಳ್ಳುತ್ತಿದ್ದವು. ಅದನ್ನು ಖಾಲಿ ಮಾಡಲು ಥ್ರಸ್ಟರ್‌ಗಳು ಆಗಾಗ ಚೂರು ಉರಿಯುತ್ತಿದ್ದವು. ಒಂದೊಂದು ಉರಿತವೂ ಪಥವನ್ನು ಕೂದಲೆಳೆಯಷ್ಟು ತಳ್ಳುತ್ತದೆ. ಆ ತಳ್ಳಾಟದ ಕಡತವನ್ನು ನೆಲದ ತಂತ್ರಾಂಶವೊಂದು ಪೌಂಡ್-ಸೆಕೆಂಡ್‌ಗಳಲ್ಲಿ ಬರೆಯಿತು, ಪಥದ ಲೆಕ್ಕ ಅದನ್ನು ನ್ಯೂಟನ್-ಸೆಕೆಂಡ್ ಎಂದು ಓದಿತು. 4.45 ಪಟ್ಟು ವ್ಯತ್ಯಾಸ.

ಇಷ್ಟು ದೊಡ್ಡ ತಪ್ಪು ಡಾಪ್ಲರ್‌ನಲ್ಲಿ ಏಕೆ ಎದ್ದು ಕಾಣಲಿಲ್ಲ? ತಳ್ಳುತ್ತಿದ್ದದ್ದು ಬಹುಪಾಲು ನಮ್ಮ ದೃಷ್ಟಿರೇಖೆಗೆ ಅಡ್ಡವಾಗಿ. ಡಾಪ್ಲರ್ ಚೆನ್ನಾಗಿ ಕಾಣುವುದು ನೇರದ ವೇಗವನ್ನು. ಕಾಣಿಸಿದ್ದೂ ಇತ್ತು. ಲೆಕ್ಕ ಕೂಡುತ್ತಿಲ್ಲ ಎಂದು ಕೆಲವರು ತಿಂಗಳುಗಳ ಮೊದಲೇ ಗಮನಿಸಿದ್ದರು, ಅದು ಔಪಚಾರಿಕವಾಗಿ ಮೇಲಿನವರೆಗೆ ಹೋಗಲಿಲ್ಲ. ಮಂಗಳಕ್ಕೆ ಅತಿ ಹತ್ತಿರ ಹಾಯುವ ಎತ್ತರ 226 ಕಿ.ಮೀ. ಎಂದು ಗುರಿಯಿಟ್ಟಿದ್ದರು. ಕೊನೆಯ ವಾರದಲ್ಲಿ ಅಂದಾಜು 150–170ಕ್ಕೆ ಇಳಿಯಿತು, ಕೊನೆಯ ದಿನ 110ಕ್ಕೆ. ನೌಕೆ ಉಳಿಯಲು ಕನಿಷ್ಠ 80 ಬೇಕಿತ್ತು. 1999ರ ಸೆಪ್ಟೆಂಬರ್ 23ರಂದು ಅದು ಹಾದುಹೋದದ್ದು ಸುಮಾರು 57 ಕಿ.ಮೀ. ಎತ್ತರದಲ್ಲಿ ಎಂದು ಆಮೇಲಿನ ಲೆಕ್ಕ ಹೇಳಿತು.

ಆ ಅಂಕಿಗಳ ಸಾಲನ್ನು ಮತ್ತೊಮ್ಮೆ ಓದಿ: 226, 170, 110. ಅಂದಾಜು ಎರಡೂ ಕಡೆಗೆ ಓಲಾಡುತ್ತಿರಲಿಲ್ಲ, ಪ್ರತಿಸಲವೂ ಕೆಳಗೇ ಇಳಿಯುತ್ತಿತ್ತು. ಹಾಗೆ ಒಂದೇ ಕಡೆ ಸರಿಯುವ ಅಂದಾಜು ಮಾದರಿಯಲ್ಲೇ ದೋಷವಿದೆ ಎಂದು ಕೂಗಿ ಹೇಳುತ್ತಿರುತ್ತದೆ. 2001ರ ಮಾರ್ಸ್ ಒಡಿಸ್ಸಿಗೆ ಡೆಲ್ಟಾ-ಡಿಒಆರ್ ಅಳತೆಯನ್ನು ಮತ್ತೆ ತಂದರು.

ಭೂಮಿಯ ಬಗ್ಗೆ ಎಷ್ಟು ನಿಖರವಾಗಿ ಗೊತ್ತಿರಬೇಕು?

ನೌಕೆಯಷ್ಟೇ ನಿಖರವಾಗಿ. ಭೂಮಿ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಗಾಳಿ, ಸಮುದ್ರ, ಒಳಗಿನ ಕರಗಿದ ತಿರುಳು ಎಲ್ಲ ಸೇರಿ ಅದನ್ನು ಮಿಲಿಸೆಕೆಂಡ್‌ಗಳ ಲೆಕ್ಕದಲ್ಲಿ ಹಿಂದೆ ಮುಂದೆ ಮಾಡುತ್ತವೆ. ತಿರುಗುವಿಕೆಯ ಅಂದಾಜಿನಲ್ಲಿ 1 ಮಿಲಿಸೆಕೆಂಡ್ ತಪ್ಪಿದರೆ, ಸೂರ್ಯನಷ್ಟು ದೂರದ ನೌಕೆಯ ಸ್ಥಾನದಲ್ಲಿ ಸುಮಾರು 11 ಕಿ.ಮೀ. ತಪ್ಪು. ಆಂಟೆನಾದ ಕೆಳಗಿನ ನೆಲವೂ ಚಂದ್ರ–ಸೂರ್ಯರ ಸೆಳೆತಕ್ಕೆ ದಿನವೂ ಹಲವು ಸೆಂಟಿಮೀಟರ್ ಉಬ್ಬಿ ಇಳಿಯುತ್ತದೆ, ಖಂಡಗಳ ಜೊತೆ ತೇಲುತ್ತದೆ. ನೆತ್ತಿಯ ಮೇಲಿನ ಗಾಳಿಯೊಂದೇ ಅಲೆಯನ್ನು ಎರಡು ಮೀಟರಿಗೂ ಹೆಚ್ಚು ತಡಮಾಡುತ್ತದೆ. ಸೂರ್ಯನ ಹತ್ತಿರ ಹಾದು ಬರುವ ಅಲೆಯನ್ನು ಸೂರ್ಯನ ಪ್ಲಾಸ್ಮಾ ಕಲಕುತ್ತದೆ, ಸೂರ್ಯನ ಗುರುತ್ವವೂ ನಿಧಾನಿಸುತ್ತದೆ. ಐನ್‌ಸ್ಟೈನ್ ಇಲ್ಲದೆ ಈ ಲೆಕ್ಕ ಮುಗಿಯುವುದೇ ಇಲ್ಲ.

ದಾರಿ ತಪ್ಪಿದೆ ಎಂದು ಗೊತ್ತಾದ ಕೂಡಲೇ ತಿದ್ದುತ್ತಾರೆಯೇ?

ಕೂಡಲೇ ಅಲ್ಲ. ಸೆಕೆಂಡಿಗೆ 1 ಸೆಂ.ಮೀ. ವೇಗದ ತಪ್ಪನ್ನು 100 ದಿನ ಹಾಗೇ ಬಿಟ್ಟರೆ 86 ಕಿ.ಮೀ. ಆಗುತ್ತದೆ. ಬೇಗ ತಿದ್ದಿದರೆ ಇಂಧನ ಉಳಿಯುತ್ತದೆ. ಆದರೆ ಬೇಗ ಎಂದರೆ ಅಳತೆ ಕಡಿಮೆ, ಅಂದಾಜು ಮಸುಕು. ತಿದ್ದಲು ಹೋಗಿ ಹೊಸ ತಪ್ಪು ಸೇರಿಸಿದಂತಾದೀತು. ಯಾನಕ್ಕೆ ಮುನ್ನವೇ ನಾಲ್ಕೈದು ದಿನಾಂಕಗಳನ್ನು ಗೊತ್ತುಮಾಡಿ, ಆ ಹೊತ್ತಿಗೆ ಬೇಕೋ ಬೇಡವೋ ನೋಡುತ್ತಾರೆ. 2013ರ ನವೆಂಬರ್ 5ರಂದು ಹಾರಿದ ಮಂಗಳಯಾನಕ್ಕೆ ಡಿಸೆಂಬರ್ 11ರಂದು ಒಂದು, 2014ರ ಜೂನ್ 11ರಂದು ಒಂದು ತಿದ್ದುಪಡಿ ನಡೆಯಿತು. ಆಗಸ್ಟ್‌ಗೆ ಇಟ್ಟುಕೊಂಡಿದ್ದದ್ದು ಬೇಕಾಗಲೇ ಇಲ್ಲ. ಸೆಪ್ಟೆಂಬರ್ 22ರಂದು ಸುಮಾರು 300 ದಿನ ಮಲಗಿದ್ದ ಮುಖ್ಯ ಎಂಜಿನನ್ನು 4 ಸೆಕೆಂಡ್ ಉರಿಸಿ ಪರೀಕ್ಷೆಯನ್ನೂ ಪಥದ ಕೊನೆಯ ತಿದ್ದುಪಡಿಯನ್ನೂ ಒಟ್ಟಿಗೇ ಮುಗಿಸಿದರು. 24ರಂದು ಅದು ಮಂಗಳದ ಕಕ್ಷೆಗೆ ಸೇರಿತು.

ಮಂಗಳಕ್ಕೆ ಹೊರಡುವ ನೌಕೆಗಳ ಮೊದಲ ಗುರಿಯನ್ನು ಎಷ್ಟೋ ಸಲ ಬೇಕೆಂದೇ ಗ್ರಹದಿಂದ ಆಚೆಗೆ ಇಡುತ್ತಾರೆ. ಹಿಂದೆಯೇ ತೇಲಿ ಬರುವ ರಾಕೆಟ್ಟಿನ ಕೊನೆಯ ಹಂತ ಕ್ರಿಮಿಶುದ್ಧವಾಗಿರುವುದಿಲ್ಲ. ಅದು ಹೋಗಿ ಮಂಗಳಕ್ಕೆ ಬೀಳಬಾರದು.

ಗ್ರಹಕ್ಕಿಂತ ಕ್ಷುದ್ರಗ್ರಹಕ್ಕೆ ಹೋಗುವುದು ಕಷ್ಟವೇ?

ಬೇರೆ ಬಗೆಯ ಕಷ್ಟ. ಮಂಗಳ ಎಲ್ಲಿದೆ ಎಂದು ಗ್ರಹಗಳ ಪಂಚಾಂಗ ಬಹು ನಿಖರವಾಗಿ ಹೇಳುತ್ತದೆ. ಕ್ಷುದ್ರಗ್ರಹಕ್ಕೆ ಅಂಥ ಪಂಚಾಂಗ ತೀರ ಒರಟು. ನೌಕೆ ಎಲ್ಲಿದೆ ಎಂದು ರೇಡಿಯೊ ಎಷ್ಟೇ ಚೆನ್ನಾಗಿ ಹೇಳಲಿ, ಗುರಿ ಎಲ್ಲಿದೆ ಎಂದು ಗೊತ್ತಿಲ್ಲದಿದ್ದರೆ ಪ್ರಯೋಜನವಿಲ್ಲ. 2019ರ ಜನವರಿ 1ರಂದು ನ್ಯೂ ಹೊರೈಜನ್ಸ್ ನೌಕೆ ಹಾದುಹೋದ, ಪ್ಲೂಟೊ ಆಚೆಯ ಪುಟ್ಟ ಕಾಯ ಆರೊಕಾಥ್ ಅನ್ನು ಹಬಲ್ ದೂರದರ್ಶಕ ಕಂಡದ್ದು 2014ರಲ್ಲಿ. ಅದು ನಕ್ಷತ್ರವೊಂದಕ್ಕೆ ಅಡ್ಡ ಬರುವ ಗಳಿಗೆಯನ್ನು ಹಿಡಿಯಲು 2017ರ ಜುಲೈನಲ್ಲಿ ಅರ್ಜೆಂಟೀನಾದಲ್ಲಿ ದೂರದರ್ಶಕಗಳನ್ನು ಸಾಲಾಗಿ ನಿಲ್ಲಿಸಿದ್ದರು. ನೆರಳು ಅವುಗಳ ಮೇಲೆಯೇ ಹಾಯಿತು. ಹಾಗೆ ತಿದ್ದಿದ ಕಕ್ಷೆಯನ್ನು ನಂಬಿ ನೌಕೆಯನ್ನು 3,500 ಕಿ.ಮೀ. ಅಂತರದಲ್ಲಿ ಹಾಯಿಸಿದರು.

ಹತ್ತಿರ ಬಂದ ಮೇಲೆ ಕ್ಯಾಮೆರಾ ಕೆಲಸಕ್ಕೆ ಬರುತ್ತದೆ. ಗುರಿಯನ್ನೂ ಹಿಂದಿನ ನಕ್ಷತ್ರಗಳನ್ನೂ ಒಂದೇ ಚಿತ್ರದಲ್ಲಿ ಹಿಡಿದು ಕೋನ ಅಳೆಯುವುದು. ನಕ್ಷತ್ರ ಮಂಕು, ಗುರಿ ಪ್ರಕಾಶಮಾನ; ನಕ್ಷತ್ರ ಕಾಣಲು ಚಿತ್ರವನ್ನು ಬೆಳಗಿಸಬೇಕಾಗುತ್ತದೆ. 1979ರ ಮಾರ್ಚ್ 8ರಂದು ವಾಯೇಜರ್ 1 ಗುರುವಿನ ಉಪಗ್ರಹ ಅಯೋದ ಇಂಥ ಒಂದು ಚಿತ್ರ ತೆಗೆಯಿತು. ಪಥನಿರ್ಣಯ ತಂಡದ ಲಿಂಡಾ ಮೊರಾಬಿಟೊ ಮಂಕು ನಕ್ಷತ್ರಕ್ಕಾಗಿ ಅದನ್ನು ಬೆಳಗಿಸಿದಾಗ ಅಯೋದ ಅಂಚಿನಾಚೆ ಛತ್ರಿಯಂತೆ ಬಿಚ್ಚಿಕೊಂಡ ಒಂದು ಮಸುಕು ಕಂಡಿತು. ಕ್ಯಾಮೆರಾದ ದೋಷವೇ, ಹಿಂದೆ ಇನ್ನೊಂದು ಉಪಗ್ರಹವೇ ಎಂದು ಒಂದೊಂದನ್ನೇ ತಳ್ಳಿಹಾಕುತ್ತ ಹೋದ ಮೇಲೆ ಉಳಿದದ್ದು ಜ್ವಾಲಾಮುಖಿ. ಭೂಮಿಯಾಚೆ ಉಗುಳುತ್ತಿರುವ ಜ್ವಾಲಾಮುಖಿಯನ್ನು ಮನುಷ್ಯರು ಮೊದಲು ಕಂಡದ್ದು ದಾರಿ ನೋಡಲು ತೆಗೆದ ಚಿತ್ರದಲ್ಲಿ.

ಅಷ್ಟು ಸಣ್ಣ ಕಲ್ಲಿನ ಸುತ್ತ ನೌಕೆ ಸುತ್ತುವುದಾದರೂ ಹೇಗೆ?

ಬಹಳ ನಿಧಾನವಾಗಿ. ಬೆನ್ನು ಕ್ಷುದ್ರಗ್ರಹದ ವ್ಯಾಸ ಅರ್ಧ ಕಿ.ಮೀ.ಗೂ ಕಡಿಮೆ. 2018ರ ಡಿಸೆಂಬರ್ 31ರಂದು ನಾಸಾದ ಒಸೈರಿಸ್-ರೆಕ್ಸ್ ನೌಕೆ ಅದರ ಕಕ್ಷೆಗೆ ಸೇರಿದಾಗ ಕೇಂದ್ರದಿಂದ ಸುಮಾರು 1.75 ಕಿ.ಮೀ. ದೂರದಲ್ಲಿ ಸೆಕೆಂಡಿಗೆ 5 ಸೆಂ.ಮೀ. ಆಸುಪಾಸಿನ ವೇಗದಲ್ಲಿ ಸಾಗುತ್ತಿತ್ತು. ಒಂದು ಸುತ್ತಿಗೆ ಸುಮಾರು 62 ಗಂಟೆ. ಇಷ್ಟು ದುರ್ಬಲ ಸೆಳೆತದ ಮುಂದೆ ಬಿಸಿಲಿನ ಒತ್ತಡವೂ ಬಲಶಾಲಿ. ಹಾಗಾಗಿ ಕಕ್ಷೆಯನ್ನು ಹಗಲು–ರಾತ್ರಿಗಳ ಗೆರೆಯ ಮೇಲೆಯೇ, ಸೂರ್ಯನಿಗೆ ಮುಖಮಾಡಿದ ತಟ್ಟೆಯಂತೆ ಇಟ್ಟರು. ಬಿಸಿಲು ಇಡೀ ತಟ್ಟೆಯನ್ನು ಒಟ್ಟಾಗಿ ತುಸು ಹಿಂದಕ್ಕೆ ತಳ್ಳುತ್ತದೆ, ಆದರೆ ಕಕ್ಷೆ ಕೆಡುವುದಿಲ್ಲ.

ಒಂದು ವಾರ ಕಳೆಯುವಷ್ಟರಲ್ಲಿ, 2019ರ ಜನವರಿ 6ರ ಪಥನಿರ್ಣಯದ ಚಿತ್ರಗಳಲ್ಲಿ ನಕ್ಷತ್ರಪಟ್ಟಿಯಲ್ಲಿಲ್ಲದ ಚುಕ್ಕೆಗಳು ಕಂಡವು. ಬೆನ್ನು ತನ್ನ ಮೈಯಿಂದ ಕಲ್ಲುಚೂರುಗಳನ್ನು ಚಿಮ್ಮಿಸುತ್ತಿತ್ತು. ಕೆಲವು ಚೂರುಗಳು ದಿನಗಟ್ಟಲೆ ಬೆನ್ನುವಿನ ಸುತ್ತ ಸುತ್ತಿ ಮತ್ತೆ ಬಿದ್ದವು. ಅವುಗಳ ಪಥಗಳನ್ನೂ ಲೆಕ್ಕಹಾಕಿದ್ದರಿಂದ ಬೆನ್ನುವಿನ ಗುರುತ್ವಕ್ಷೇತ್ರ ನೌಕೆಯೊಂದರಿಂದಲೇ ಸಿಗಬಹುದಾದದ್ದಕ್ಕಿಂತ ಸ್ಪಷ್ಟವಾಗಿ ಸಿಕ್ಕಿತು.

ಧೂಮಕೇತು ಇನ್ನೂ ಹಟಮಾರಿ, ಅದು ಅನಿಲ ಮತ್ತು ಧೂಳನ್ನು ಉಗುಳುತ್ತದೆ. 2015ರ ಮಾರ್ಚ್‌ನಲ್ಲಿ 67ಪಿ ಧೂಮಕೇತುವಿನ ಹತ್ತಿರ ಹೋದ ಯುರೋಪಿನ ರೊಸೆಟ್ಟಾ ನೌಕೆಯ ನಕ್ಷತ್ರ ಕ್ಯಾಮೆರಾಗಳು ಧೂಳಿನ ಕಣಗಳನ್ನೇ ನಕ್ಷತ್ರವೆಂದುಕೊಂಡು ದಿಕ್ಕುಗೆಟ್ಟವು. ಅಲ್ಲಿಂದ ಮುಂದೆ ದೂರವನ್ನು ಧೂಳು ನೋಡಿಕೊಂಡೇ ಗೊತ್ತುಮಾಡಬೇಕಾಯಿತು.

ಇಳಿಯುವಾಗ ಭೂಮಿಯಿಂದ ಚಾಲನೆ ಮಾಡುತ್ತಾರೆಯೇ?

ಆಗದ ಮಾತು. 2020ರ ಅಕ್ಟೋಬರ್ 20ರಂದು ಒಸೈರಿಸ್-ರೆಕ್ಸ್ ಬೆನ್ನುವನ್ನು ಮುಟ್ಟಿದಾಗ ಸಂಕೇತ ಒಂದು ಕಡೆಗೆ ಬರಲು 18.5 ನಿಮಿಷ ಬೇಕಿತ್ತು. ಮೂಲ ಯೋಜನೆಯಲ್ಲಿ 50 ಮೀಟರ್ ಅಗಲದ ಸಪಾಟು ಜಾಗ ಸಿಗುತ್ತದೆಂದು ನಂಬಿದ್ದರು. ಸಿಕ್ಕಿದ್ದು ಬಂಡೆಗಳ ನಡುವೆ ಸುಮಾರು 16 ಮೀಟರ್. ನೌಕೆ ತನ್ನ ಕ್ಯಾಮೆರಾ ಚಿತ್ರವನ್ನು ಒಳಗಿಟ್ಟುಕೊಂಡಿದ್ದ ಬಂಡೆ–ಕುಳಿಗಳ ಚಿತ್ರಗಳ ಜೊತೆ ಹೋಲಿಸುತ್ತ ಇಳಿದು, ಗುರಿಯಿಂದ ಒಂದು ಮೀಟರಿನೊಳಗೆ ಮುಟ್ಟಿತು. ಜಪಾನಿನ ಹಯಬುಸಾ 2 ನೌಕೆ ಕ್ಷುದ್ರಗ್ರಹ ರ್‍ಯುಗುವಿನ ಮೇಲೆ ಮೊದಲು ಬೆಳಕನ್ನು ಹಿಂದೆಸೆಯುವ ಪುಟ್ಟ ಚೆಂಡನ್ನು ಬೀಳಿಸಿ, ಅದನ್ನೇ ಗುರುತಾಗಿಟ್ಟುಕೊಂಡು 2019ರ ಫೆಬ್ರವರಿ 22ರಂದು ಇಳಿಯಿತು.

2022ರ ಸೆಪ್ಟೆಂಬರ್ 26ರಂದು ಡಾರ್ಟ್ ನೌಕೆ ಸೆಕೆಂಡಿಗೆ 6.1 ಕಿ.ಮೀ. ವೇಗದಲ್ಲಿ ದೊಡ್ಡ ಕ್ಷುದ್ರಗ್ರಹವೊಂದನ್ನು ಸುತ್ತುವ 160 ಮೀಟರಿನ ಪುಟ್ಟ ಕಲ್ಲು ಡೈಮಾರ್ಫಸ್‌ಗೆ ಡಿಕ್ಕಿ ಹೊಡೆಯಿತು. ಕೊನೆಯ ನಾಲ್ಕು ಗಂಟೆ ದಾರಿ ನೋಡಿಕೊಂಡದ್ದು ನೌಕೆಯೇ. ಹೊಡೆಯಬೇಕಾದ ಕಲ್ಲು ಪಕ್ಕದ ದೊಡ್ಡ ಕಲ್ಲಿನಿಂದ ಬೇರೆಯಾಗಿ ಅದಕ್ಕೆ ಕಂಡದ್ದು ಡಿಕ್ಕಿಗೆ ಸುಮಾರು ಒಂದು ಗಂಟೆ ಇರುವಾಗ.

ಹಾಗಾದರೆ ಮುಂದೆ ನೆಲದ ಲೆಕ್ಕವೇ ಬೇಡವಾಗುತ್ತದೆಯೇ?

ಸದ್ಯಕ್ಕೆ ಇಲ್ಲ. ಗುರಿ ಕಣ್ಣೆದುರಿರುವಾಗ ನೌಕೆ ತಾನೇ ನೋಡಿಕೊಳ್ಳಬಲ್ಲದು. ನಡುದಾರಿಯ ಖಾಲಿಯಲ್ಲಿ ಡಾಪ್ಲರ್‌ಗೆ ಸಮನಾದದ್ದು ಇನ್ನೂ ಇಲ್ಲ. 2019ರಲ್ಲಿ ಹಾರಿದ ಪಾದರಸ-ಅಯಾನ್ ಪರಮಾಣು ಗಡಿಯಾರ ಒಂದು ದಾರಿ ತೆರೆದಿದೆ: ನೌಕೆಯಲ್ಲೇ ಅಷ್ಟು ಸ್ಥಿರವಾದ ಗಡಿಯಾರವಿದ್ದರೆ ನೆಲದ ಸಂಕೇತವನ್ನು ಹಿಂದಿರುಗಿಸದೆ ತಾನೇ ಅಳೆದುಕೊಳ್ಳಬಹುದು. 2017ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಮೇಲೆ, ಗಡಿಯಾರದಂತೆ ಮಿಡಿಯುವ ನಕ್ಷತ್ರಗಳಾದ ಪಲ್ಸಾರ್‌ಗಳ ಎಕ್ಸ್-ಕಿರಣ ಮಿಡಿತದಿಂದ ಸ್ಥಾನವನ್ನು ಸುಮಾರು 16 ಕಿ.ಮೀ. ಒಳಗೆ ಕಂಡುಕೊಂಡರು.

ಈ ವಿದ್ಯೆ ಕಲಿಯಲು ಎಲ್ಲಿಂದ ಶುರು ಮಾಡಬೇಕು?

ನ್ಯೂಟನ್ನನ ಚಲನಶಾಸ್ತ್ರ, ಮ್ಯಾಟ್ರಿಕ್ಸ್, ಸಂಭವನೀಯತೆ, ಸ್ವಲ್ಪ ಪ್ರೋಗ್ರಾಮಿಂಗ್. ನಾಸಾದ ಹೊರೈಜನ್ಸ್ ಸೇವೆಯಿಂದ ಯಾವುದೇ ಕ್ಷುದ್ರಗ್ರಹದ ಸ್ಥಾನಗಳನ್ನು ಉಚಿತವಾಗಿ ಪಡೆಯಬಹುದು. ಸಿರಿಸ್‌ನ ನಲವತ್ತು ದಿನಗಳ ಸ್ಥಾನಗಳನ್ನು ತೆಗೆದುಕೊಂಡು, ಅವುಗಳಿಗೆ ನೀವೇ ಚೂರು ತಪ್ಪು ಬೆರೆಸಿ, ಅದರಿಂದ ಕಕ್ಷೆ ಕಂಡುಹಿಡಿಯಿರಿ. ಹತ್ತು ತಿಂಗಳ ನಂತರದ ಸ್ಥಾನ ಊಹಿಸಿ ನಿಜದ ಜೊತೆ ಹೋಲಿಸಿ. ಬೆರೆಸುವ ತಪ್ಪನ್ನು ಎರಡರಷ್ಟು ಮಾಡಿ ಮತ್ತೆ ನೋಡಿ. ಯಾವ ಪಾಠವೂ ಹೇಳದಷ್ಟು ಅಲ್ಲಿ ಗೊತ್ತಾಗುತ್ತದೆ.

ಇಂದಿಗೂ ವಿವರಣೆ ಸಿಗದ ಶೇಷ ಏನಾದರೂ ಇದೆಯೇ?

ಇದೆ. 1990ರ ಡಿಸೆಂಬರ್‌ನಲ್ಲಿ ಗುರುಗ್ರಹಕ್ಕೆ ಹೊರಟಿದ್ದ ಗೆಲಿಲಿಯೊ ನೌಕೆ ವೇಗ ಪಡೆಯಲು ಭೂಮಿಯ ಪಕ್ಕ ಹಾದುಹೋದಾಗ ಲೆಕ್ಕಕ್ಕಿಂತ ಸೆಕೆಂಡಿಗೆ ಸುಮಾರು 3.9 ಮಿ.ಮೀ. ಹೆಚ್ಚು ವೇಗ ಪಡೆದಂತೆ ಕಂಡಿತು. 1998ರ ಜನವರಿಯಲ್ಲಿ 539 ಕಿ.ಮೀ. ಎತ್ತರದಲ್ಲಿ ಹಾದ ನಿಯರ್ ನೌಕೆಗೆ ಅದು 13.46 ಮಿ.ಮೀ. 0.1 ಮಿ.ಮೀ. ಅಳೆಯುವ ಉಪಕರಣಕ್ಕೆ ಇದು ಕಣ್ಣು ಕುಕ್ಕುವ ಅಂಕಿ. 2005ರಲ್ಲಿ ರೊಸೆಟ್ಟಾಗೆ 1.8 ಮಿ.ಮೀ. ಸಿಕ್ಕಿತು, ಅದೇ ನೌಕೆ 2007 ಮತ್ತು 2009ರಲ್ಲಿ ಮತ್ತೆ ಹಾದಾಗ ಏನೂ ಕಾಣಲಿಲ್ಲ. 2013ರಲ್ಲಿ ಜುನೊ ಹಾದಾಗಲೂ ಕಾಣಲಿಲ್ಲ. ಬಿಸಿಲು, ಶಾಖ, ವಾತಾವರಣದ ಎಳೆತ, ಉಬ್ಬರವಿಳಿತ, ಸಾಪೇಕ್ಷತೆ ಎಲ್ಲವನ್ನೂ ಪರಿಶೀಲಿಸಿದ್ದಾರೆ. ಒಂದೂ ಅಷ್ಟು ದೊಡ್ಡದಾಗುವುದಿಲ್ಲ. ನಿಯರ್ ಭೂಮಿಗೆ ಅತಿ ಹತ್ತಿರವಿದ್ದ ಹೊತ್ತಿನಲ್ಲಿ ಕೆಲವು ಗಂಟೆಗಳ ಕಾಲ ಯಾವ ಆಂಟೆನಾಕ್ಕೂ ಸರಿಯಾಗಿ ಸಿಕ್ಕಿರಲಿಲ್ಲ. ನಕ್ಷೆಯಲ್ಲಿ ಆ ಖಾಲಿ ಜಾಗದ ಎಡಕ್ಕೆ ಚುಕ್ಕೆಗಳು ಸೊನ್ನೆಯ ಮೇಲಿವೆ, ಬಲಕ್ಕೆ ಒಂದು ಮೆಟ್ಟಿಲು ಸರಿದಿವೆ.